ಪರ್ಮಿಟ್ ಆಟ ಎಲ್ಲ ಬ್ರಾಂಚಿಗೂ ಬೇಕು

ಕಳೆದ ವಾರ ಕ್ಲಾಸಲ್ಲಿ ನಾವು ಕಾರ್ಬನ್ ಮಾರುಕಟ್ಟೆ ಆಟ ಆಡಿದ್ವಿ. ಒಂದು ತಂಡ ಸಿಮೆಂಟ್ ಕಾರ್ಖಾನೆ, ಇನ್ನೊಂದು ವಿದ್ಯುತ್ ಸ್ಥಾವರ. ಒಂದು ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಒಂದು ಪರ್ಮಿಟ್. ಮೊದಲ ಸುತ್ತಲ್ಲಿ ಪರ್ಮಿಟ್ ಧಾರಾಳವಾಗಿ ಹಂಚಿದ್ರು. ಕೊಳ್ಳೋರೇ ಇಲ್ಲ, ಬೆಲೆ ನೆಲ ಕಚ್ಚಿತು. ಎರಡನೇ ಸುತ್ತಲ್ಲಿ ಮಿತಿ ಬಿಗಿಯಾದಾಗಲೇ ಲೆಕ್ಕಾಚಾರ ಶುರು: ಪರ್ಮಿಟ್ ಕೊಳ್ಳೋದಾ, ಯಂತ್ರ ಬದಲಿಸೋದಾ?

ಯುರೋಪಲ್ಲಿ ಇದು ನಿಜವಾಗ್ಲೂ ನಡೆದಿದೆ. 2005ರಲ್ಲಿ ಶುರುವಾದ ಮಾರುಕಟ್ಟೆಯಲ್ಲಿ ಪರ್ಮಿಟ್ ಹೆಚ್ಚಾಗಿ, 2007ರ ಹೊತ್ತಿಗೆ ಬೆಲೆ ಸೊನ್ನೆಯ ಹತ್ತಿರ ಬಂತು. ಭಾರತವೂ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಪ್ರಕಟಿಸಿದೆ. ಆದ್ರೆ ಇಲ್ಲಿ ಕಾರ್ಖಾನೆಗೆ ಗುರಿ ಇಡೋದು ಪ್ರತಿ ಟನ್ ಉತ್ಪನ್ನದ ಲೆಕ್ಕದಲ್ಲಿ. ಉತ್ಪಾದನೆ ಏರಿದ್ರೆ ಒಟ್ಟು ಹೊಗೆಯೂ ಏರಬಹುದು. ಮೂರನೇ ಸುತ್ತಲ್ಲಿ ಈ ನಿಯಮವನ್ನೂ ಆಡಿಸಿ. ನಾಳೆ ಆ ಕಾರ್ಖಾನೆಗಳಲ್ಲಿ ಕೆಲಸ ಮಾಡೋರು ನಾವೇ. ವ್ಯಾಖ್ಯೆ ಬಾಯಿಪಾಠ ಮಾಡೋದಕ್ಕಿಂತ ಇಲ್ಲೇ ಸೋತು ಕಲಿಯೋದು ವಾಸಿ.