ಚೆಂಡು ಒಂದು, ಚಂದಾ ಎರಡು

ಚಳಿಗಾಲದ ಒಂದು ಶನಿವಾರ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಫುಟ್‌ಬಾಲ್ ಪಂದ್ಯ ಆರಂಭವಾಗುತ್ತದೆ ಎನ್ನಿ. ಆಗ ಬೆಂಗಳೂರಿನಲ್ಲಿ ರಾತ್ರಿ ಎಂಟೂವರೆ. ಇಲ್ಲಿನ ಹಾಸ್ಟೆಲ್ ಹುಡುಗ ಕ್ರೀಡಾ ವಾಹಿನಿಗೆ ಚಂದಾ ಕಟ್ಟಿದ್ದರೆ, ಊಟದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಪಂದ್ಯವನ್ನು ನೇರವಾಗಿ ನೋಡಬಹುದು. ಆದರೆ ಅದೇ ಕ್ರೀಡಾಂಗಣದ ಹಿಂದಿನ ಬೀದಿಯಲ್ಲಿ ಮನೆ ಇರುವ ಹುಡುಗನಿಗೆ ಆ ಭಾಗ್ಯವಿಲ್ಲ. ಅವನ ಅಪ್ಪ ಟಿ.ವಿ.ಗೆಂದು ಇಲ್ಲಿಯವರಿಗಿಂತ ಎಷ್ಟೋ ಪಟ್ಟು ಹೆಚ್ಚು ಹಣ ಕಟ್ಟುತ್ತಿದ್ದರೂ ಇಲ್ಲ.

ಇದು ತಮಾಷೆಯಲ್ಲ, ನಿಯಮ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಬ್ರಿಟನ್ನಿನ ಟಿ.ವಿ.ಯಲ್ಲಿ ಫುಟ್‌ಬಾಲ್ ನೇರಪ್ರಸಾರಕ್ಕೆ ಅವಕಾಶವಿಲ್ಲ. 1960ರ ದಶಕದಲ್ಲಿ ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷರಾಗಿದ್ದ ಬಾಬ್ ಲಾರ್ಡ್ ಎಂಬಾತ ಹಟ ಹಿಡಿದು ತಂದ ಕಟ್ಟಳೆ ಇದು. ಆತ ವೃತ್ತಿಯಲ್ಲಿ ಮಾಂಸದ ವ್ಯಾಪಾರಿ. ದೊಡ್ಡ ತಂಡಗಳ ಆಟ ಮನೆಯಲ್ಲೇ ಕಾಣುವಂತಾದರೆ ಸಣ್ಣ ಊರಿನ ತಂಡದ ಮೈದಾನಕ್ಕೆ ಟಿಕೆಟ್ ಕೊಂಡು ಯಾರು ಬರುತ್ತಾರೆ ಎಂಬುದು ಆತನ ವಾದ. ಶನಿವಾರ ಮಧ್ಯಾಹ್ನವೇ ಯಾಕೆ ಎಂದರೆ ಅದಕ್ಕೂ ಒಂದು ಕಥೆ ಇದೆ. 1850ರ ಕಾರ್ಖಾನೆ ಕಾನೂನಿನಂತೆ ಬಟ್ಟೆ ಗಿರಣಿಗಳು ಶನಿವಾರ ಎರಡು ಗಂಟೆಗೆ ಕೆಲಸ ನಿಲ್ಲಿಸಬೇಕಾಗಿತ್ತು. ಗಿರಣಿಯಿಂದ ಹೊರಬಿದ್ದ ಕೂಲಿಕಾರರು ನೇರವಾಗಿ ಮೈದಾನಕ್ಕೆ ನಡೆದರು. ಆಟದ ವೇಳೆ ಮೂರು ಗಂಟೆ ಎಂದು ನಿಗದಿಯಾದದ್ದು ಹಾಗೆ. ಇಂದು ಜಗತ್ತಿನ ಅತಿ ದುಬಾರಿ ಮನರಂಜನೆಗಳಲ್ಲಿ ಒಂದಾಗಿರುವ ಈ ಆಟ ಕೂಲಿಕಾರರ ಅರ್ಧ ದಿನದ ರಜೆಯಲ್ಲಿ ಬೆಳೆದದ್ದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಲೆಕ್ಕಗಳನ್ನು ಓದಬೇಕು.

ಬಹುಕಾಲ ಆ ದೇಶದ ಟಿ.ವಿ.ಯಲ್ಲಿ ಫುಟ್‌ಬಾಲ್ ಎಂದರೆ ಪಂದ್ಯದ ಮುಖ್ಯ ಭಾಗಗಳು ಮಾತ್ರ. ಬಿಬಿಸಿಯ 'ಮ್ಯಾಚ್ ಆಫ್ ದ ಡೇ' ಕಾರ್ಯಕ್ರಮ ಶುರುವಾದದ್ದು 1964ರ ಆಗಸ್ಟ್‌ನಲ್ಲಿ. ಟಿ.ವಿ. ಇಟ್ಟುಕೊಂಡ ಪ್ರತಿ ಮನೆಯೂ ವರ್ಷಕ್ಕೊಮ್ಮೆ ಲೈಸೆನ್ಸ್ ಶುಲ್ಕ ಕಟ್ಟಬೇಕು, ಬಿಬಿಸಿ ನಡೆಯುವುದು ಆ ಹಣದಲ್ಲಿ. ಅದನ್ನು ಬಿಟ್ಟರೆ ಫುಟ್‌ಬಾಲಿಗೆಂದು ಪ್ರತ್ಯೇಕ ದುಡ್ಡು ಕೊಡುವ ಮಾತೇ ಇರಲಿಲ್ಲ. ಲೀಗ್ ಪಂದ್ಯಗಳ ನೇರಪ್ರಸಾರ ನಿಯಮಿತವಾಗಿ ಆರಂಭವಾದದ್ದು 1983ರಲ್ಲಿ. ವರ್ಷಕ್ಕೆ ಹತ್ತು ಪಂದ್ಯ, ಎರಡು ವರ್ಷಕ್ಕೆ 52 ಲಕ್ಷ ಪೌಂಡ್. 1988ರಲ್ಲಿ ಐಟಿವಿ ನಾಲ್ಕು ವರ್ಷಗಳಿಗೆ 4 ಕೋಟಿ 40 ಲಕ್ಷ ಪೌಂಡ್ ಕೊಟ್ಟಾಗ, ಆಟಕ್ಕೆ ಇಷ್ಟು ಬೆಲೆಯೇ ಎಂದು ಜನ ಹುಬ್ಬೇರಿಸಿದ್ದರು.

ಆಮೇಲೆ ಬಂದದ್ದು 1992. ಮೊದಲ ದರ್ಜೆಯ 22 ಕ್ಲಬ್ಬುಗಳು ಹಳೆಯ ಲೀಗಿನಿಂದ ಸಿಡಿದು 'ಪ್ರೀಮಿಯರ್ ಲೀಗ್' ಕಟ್ಟಿಕೊಂಡವು. ಅದೇ ಹೊತ್ತಿಗೆ ರೂಪರ್ಟ್ ಮರ್ಡಾಕ್‌ರ ಉಪಗ್ರಹ ವಾಹಿನಿ ಸ್ಕೈ ನಷ್ಟದಲ್ಲಿ ಮುಳುಗುತ್ತಿತ್ತು. ಮನೆಯ ಗೋಡೆಗೆ ಡಿಶ್ ಹಾಕಿಸಿಕೊಳ್ಳಲು ಜನರಿಗೆ ಒಂದು ಕಾರಣ ಬೇಕಾಗಿತ್ತು. ಆ ಕಾರಣವೇ ಫುಟ್‌ಬಾಲ್. ಸ್ಕೈ ಮತ್ತು ಬಿಬಿಸಿ ಜೊತೆಯಾಗಿ ಐದು ವರ್ಷಗಳಿಗೆ 30 ಕೋಟಿ 40 ಲಕ್ಷ ಪೌಂಡ್ ಘೋಷಿಸಿದವು. ನೇರಪ್ರಸಾರ ಸ್ಕೈಗೆ, ಮುಖ್ಯ ಭಾಗಗಳು ಬಿಬಿಸಿಗೆ. ಆಗಸ್ಟ್ ಮಧ್ಯದಲ್ಲಿ ಲೀಗ್ ಶುರುವಾಯಿತು. ಎರಡು ವಾರ ಬಿಟ್ಟಿಯಾಗಿ ತೋರಿಸಿ, ಸೆಪ್ಟೆಂಬರ್ ಒಂದರಿಂದ ತಿಂಗಳಿಗೆ ಸುಮಾರು 6 ಪೌಂಡ್ ಚಂದಾ ವಿಧಿಸಲಾಯಿತು. ರುಚಿ ತೋರಿಸಿ ತಟ್ಟೆಗೆ ದರ ಹಾಕುವ ಈ ಉಪಾಯ ಯಾವ ಊರಿನ ಸಂತೆಗೂ ಹೊಸದಲ್ಲ. ಹಣ ಕೊಟ್ಟು ನೋಡುವ ಟಿ.ವಿ.ಯನ್ನು ಮನೆಮನೆಗೆ ನುಗ್ಗಿಸಲು ಕ್ರೀಡೆಯೇ ಕೋಟೆಬಾಗಿಲು ಒಡೆಯುವ ದಿಮ್ಮಿ ಎಂಬ ಅರ್ಥದ ಮಾತನ್ನು ಮರ್ಡಾಕ್ 1996ರಲ್ಲಿ ತಮ್ಮ ಷೇರುದಾರರ ಮುಂದೆ ಮುಚ್ಚುಮರೆಯಿಲ್ಲದೆ ಆಡಿದರು.

ಬಾಗಿಲು ಒಡೆಯಿತು. ಮುಂದೆ ನಡೆದದ್ದು ವಾಣಿಜ್ಯ ಓದುವ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ.

ಪೈಪೋಟಿ ಹೆಚ್ಚಿದರೆ ಗ್ರಾಹಕನಿಗೆ ಬೆಲೆ ಇಳಿಯುತ್ತದೆ ಎಂದು ಪಿಯುಸಿ ಪಠ್ಯವೇ ಹೇಳುತ್ತದೆ. ಐರೋಪ್ಯ ಆಯೋಗವೂ ಹಾಗೆಯೇ ತಿಳಿಯಿತು. ಎಲ್ಲ ಪಂದ್ಯಗಳೂ ಸ್ಕೈ ಒಂದರ ಕೈಯಲ್ಲಿರುವುದು ಏಕಸ್ವಾಮ್ಯ, ಯಾವ ಒಬ್ಬನೂ ಎಲ್ಲ ಕಂತೆಗಳನ್ನು ಕೊಳ್ಳಕೂಡದು ಎಂದು ಅದು ಪಟ್ಟು ಹಿಡಿಯಿತು. 2007ರಿಂದ ಹೊಸ ವ್ಯವಸ್ಥೆ ಬಂತು. ಆ ವರ್ಷದ 138 ಪಂದ್ಯಗಳಲ್ಲಿ 92 ಸ್ಕೈಗೆ, 46 ಐರ್ಲೆಂಡಿನ ಸೆಟಾಂಟಾ ಎಂಬ ಕಂಪನಿಗೆ. ಪೈಪೋಟಿ ಬಂದದ್ದೇನೋ ನಿಜ. ಆದರೆ ಅಭಿಮಾನಿಯ ಖರ್ಚು ಇಳಿಯಲಿಲ್ಲ, ಸ್ಕೈ ಚಂದಾದ ಮೇಲೆ ಸೆಟಾಂಟಾದ ಹತ್ತು ಪೌಂಡ್ ಸೇರಿಕೊಂಡಿತು.

ಹೀಗೇಕಾಯಿತು? ಅಕ್ಕಿ ಮಾರುವ ಎರಡು ಅಂಗಡಿಗಳಿದ್ದರೆ ಗಿರಾಕಿ ಅಗ್ಗದ ಕಡೆ ಹೋಗುತ್ತಾನೆ, ಏಕೆಂದರೆ ಎರಡೂ ಕಡೆ ಸಿಗುವುದು ಅದೇ ಅಕ್ಕಿ. ಪಂದ್ಯ ಹಾಗಲ್ಲ. ಭಾನುವಾರದ ಆಟ ಒಬ್ಬನಲ್ಲಿ, ಸೋಮವಾರದ ಆಟ ಇನ್ನೊಬ್ಬನಲ್ಲಿ ಇದ್ದಾಗ ಒಂದು ಇನ್ನೊಂದಕ್ಕೆ ಬದಲಿಯಾಗದು. ನ್ಯೂಕ್ಯಾಸಲ್ ತಂಡದ ಅಭಿಮಾನಿಗೆ ಚೆಲ್ಸಿ ತಂಡದ ಆಟ ಕೊಟ್ಟು ಸಮಾಧಾನ ಮಾಡಲಾಗುವುದಿಲ್ಲ. ಇಲ್ಲಿ ಪೈಪೋಟಿ ನಡೆಯುವುದು ಹಕ್ಕು ಕೊಳ್ಳುವವರ ನಡುವೆ, ಹರಾಜಿನ ಕಟ್ಟೆಯಲ್ಲಿ. ಅಲ್ಲಿ ಸವಾಲು ಕೂಗುವವರು ಹೆಚ್ಚಿದಷ್ಟೂ ಬೆಲೆ ಏರುತ್ತದೆ. ಏರಿದ ಬೆಲೆಯನ್ನು ಕೊನೆಗೆ ಹೊರುವವನು ಮನೆಯಲ್ಲಿ ಕೂತು ನೋಡುವವನು. ಒಂದು ಏಕಸ್ವಾಮ್ಯವನ್ನು ಕತ್ತರಿಸಿ ಎರಡು ಸಣ್ಣ ಏಕಸ್ವಾಮ್ಯ ಮಾಡಿದರೆ ಅದು ಪೈಪೋಟಿ ಆಗುವುದಿಲ್ಲ ಎಂಬ ಸರಳ ಸಂಗತಿ ಆಯೋಗದ ಪಂಡಿತರಿಗೆ ಹೊಳೆಯದೆ ಹೋದದ್ದು ಆಶ್ಚರ್ಯ.

ಸೆಟಾಂಟಾ 2009ರಲ್ಲಿ ಕುಸಿದುಬಿತ್ತು. ಅದರ ಜಾಗಕ್ಕೆ ಇಎಸ್‌ಪಿಎನ್ ಬಂತು, 2013ರಿಂದ ದೂರವಾಣಿ ಕಂಪನಿಯಾದ ಬಿಟಿ ಬಂತು. ಬಿಟಿ ಮತ್ತು ಸ್ಕೈ ಜಿದ್ದಿಗೆ ಬಿದ್ದ ಮೇಲೆ ಕೇಳಬೇಕೆ? 2016ರಿಂದ 2019ರವರೆಗಿನ ಮೂರು ವರ್ಷಗಳ ಹಕ್ಕು ಮಾರಾಟವಾದದ್ದು 513.6 ಕೋಟಿ ಪೌಂಡಿಗೆ. 2019ರಿಂದ ಆರು ಹಂಗಾಮು ಅಮೆಜಾನ್ ಕೂಡ ವರ್ಷಕ್ಕೆ 20 ಪಂದ್ಯ ಹಿಡಿದುಕೊಂಡಿತು, ಅಂದರೆ ಮೂರನೆಯ ಚಂದಾ. ಬಿಟಿಯ ಕ್ರೀಡಾ ವಾಹಿನಿ 2023ರಲ್ಲಿ ಟಿಎನ್‌ಟಿ ಎಂದು ಹೆಸರು ಬದಲಿಸಿತು.

ಇಲ್ಲಿ ಒಂದು ಲೆಕ್ಕ ಮಾಡಬಹುದು, ಮಕ್ಕಳೇ ಕಾಗದದ ಮೇಲೆ ಮಾಡಿ ನೋಡಲಿ. 1992ರ ಒಪ್ಪಂದದಲ್ಲಿ ವರ್ಷಕ್ಕೆ 60 ಪಂದ್ಯ. ಘೋಷಿತ ಮೊತ್ತವನ್ನು ಭಾಗಿಸಿದರೆ ಪಂದ್ಯಕ್ಕೆ ಸುಮಾರು 10 ಲಕ್ಷ ಪೌಂಡ್. 2016ರಲ್ಲಿ ವರ್ಷಕ್ಕೆ 168 ಪಂದ್ಯ, ಪಂದ್ಯಕ್ಕೆ ಒಂದು ಕೋಟಿಗೂ ಮಿಕ್ಕಿ. 2025ರಿಂದ 2029ರವರೆಗಿನ ನಾಲ್ಕು ವರ್ಷಗಳ ಒಪ್ಪಂದ 670 ಕೋಟಿ ಪೌಂಡಿನದು, ಆದರೆ ಈಗ ವರ್ಷಕ್ಕೆ ಕಡಿಮೆಯೆಂದರೂ 267 ಪಂದ್ಯ. ಹಾಗಾಗಿ ಪಂದ್ಯಕ್ಕೆ ಬೀಳುವುದು 63 ಲಕ್ಷದ ಆಸುಪಾಸು. ಅಂದರೆ ಸಗಟು ದರ ಇಳಿದಿದೆ! ಚಿಲ್ಲರೆ ಗಿರಾಕಿಗೆ ಇದರಿಂದ ಏನು ಸಿಕ್ಕಿತು? ಹೆಚ್ಚು ಪಂದ್ಯ ಸಿಕ್ಕಿತು, ಬಿಲ್ಲು ಮಾತ್ರ ಇಳಿಯಲಿಲ್ಲ. ತನ್ನ ಊರಿನ ತಂಡದ ಆಟವಷ್ಟೇ ಸಾಕು ಎನ್ನುವವನಿಗೂ ಇಡೀ ಗೋಣಿ ಕೊಳ್ಳದೆ ಗತಿಯಿಲ್ಲ. 2024ರಲ್ಲಿ ಟಿಎನ್‌ಟಿಗೆ ತಿಂಗಳಿಗೆ 30.99 ಪೌಂಡ್, ಸ್ಕೈ ಕ್ರೀಡಾ ವಾಹಿನಿಗಳನ್ನು ತಿಂಗಳ ಲೆಕ್ಕದಲ್ಲಿ ಅಂತರ್ಜಾಲದ ಮೂಲಕ ಪಡೆದರೆ ಸುಮಾರು 35 ಪೌಂಡ್. ಎರಡೂ ಸೇರಿ ನಮ್ಮ ಏಳು ಸಾವಿರ ರೂಪಾಯಿ, ಅದೂ ತಿಂಗಳಿಗೆ. ಬಿಬಿಸಿಯ ಲೈಸೆನ್ಸ್ ಶುಲ್ಕ ಆ ವರ್ಷ ಹನ್ನೆರಡು ತಿಂಗಳಿಗೆ 169.50 ಪೌಂಡ್ ಇತ್ತು ಎಂದರೆ ಅಂತರ ತಿಳಿಯುತ್ತದೆ.

ಈ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಸಹಜ. ಬಹುಪಾಲು ಆಟಗಾರರ ಸಂಬಳಕ್ಕೆ. 1961ರ ಜನವರಿಯವರೆಗೆ ಇಂಗ್ಲೆಂಡಿನಲ್ಲಿ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡಕೂಡದು ಎಂಬ ಮಿತಿ ಇತ್ತು. ಆ ಅನ್ಯಾಯ ಹೋದದ್ದು ಒಳ್ಳೆಯದೇ. ಈಗ ದೊಡ್ಡ ಆಟಗಾರರು ವಾರಕ್ಕೆ ಲಕ್ಷಗಳ ಲೆಕ್ಕದಲ್ಲಿ ಪಡೆಯುತ್ತಾರೆ. ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತೂ ಇದೆ. 1989ರಲ್ಲಿ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ 97 ಜನ ಪ್ರಾಣ ಕಳೆದುಕೊಂಡ ಮೇಲೆ, ನ್ಯಾಯಮೂರ್ತಿ ಟೇಲರ್ ವರದಿಯಂತೆ ದೊಡ್ಡ ಮೈದಾನಗಳೆಲ್ಲ ಆಸನ ಹಾಕಿಸಿ ಸುರಕ್ಷಿತವಾಗಬೇಕಾಯಿತು. ಟಿ.ವಿ. ಹಣ ಆ ಕಾಲಕ್ಕೆ ಕ್ಲಬ್ಬುಗಳ ಕೈಹಿಡಿಯಿತು. ದೇಶದೊಳಗಿನ ಟಿ.ವಿ. ಆದಾಯದ ಅರ್ಧವನ್ನು ಎಲ್ಲ ತಂಡಗಳಿಗೂ ಸಮನಾಗಿ ಹಂಚುವ ಪದ್ಧತಿ ಇರುವುದರಿಂದ ಸಣ್ಣ ಕ್ಲಬ್ಬುಗಳೂ ಉಸಿರಾಡಿವೆ. ಆದರೆ ಆಸನ ಬಂದಂತೆ ಟಿಕೆಟ್ ದರವೂ ಏರಿತು. ಮೈದಾನಕ್ಕೆ ಹೋಗಲಾರದ ಮನೆಗೆ ಟಿ.ವಿ.ಯೇ ಆಸರೆ, ಟಿ.ವಿ.ಗೂ ದುಡ್ಡಿಲ್ಲದ ಮನೆಗೆ ಬಿಬಿಸಿಯ ರಾತ್ರಿಯ ತುಣುಕುಗಳೇ ಗತಿ.

ಬಿಲ್ಲಿನ ವಿರುದ್ಧ ತಿರುಗಿಬಿದ್ದವರೂ ಇದ್ದಾರೆ. ಪೋರ್ಟ್ಸ್‌ಮತ್ ನಗರದಲ್ಲಿ ಪಬ್ ನಡೆಸುತ್ತಿದ್ದ ಕರೆನ್ ಮರ್ಫಿ ಎಂಬ ಮಹಿಳೆ ಸ್ಕೈಯ ವ್ಯಾಪಾರಿ ದರ ಭರಿಸಲಾರದೆ ಗ್ರೀಸ್ ದೇಶದ ವಾಹಿನಿಯ ಕಾರ್ಡ್ ತರಿಸಿಕೊಂಡರು. ಗ್ರೀಸಿನದು ವರ್ಷಕ್ಕೆ ಸುಮಾರು 800 ಪೌಂಡ್, ಸ್ಕೈಯದು ಅದರ ಎಷ್ಟೋ ಪಟ್ಟು. ಆಟ ಅದೇ, ಚೆಂಡು ಅದೇ, ವಿವರಣೆ ಮಾತ್ರ ಗ್ರೀಕ್ ಭಾಷೆಯಲ್ಲಿ! ಲೀಗ್ ಮೊಕದ್ದಮೆ ಹೂಡಿತು, ದಂಡ ಬಿತ್ತು. ಆಕೆ ಬಿಡಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಐರೋಪ್ಯ ನ್ಯಾಯಾಲಯ, ಒಕ್ಕೂಟದ ಒಂದು ದೇಶದಲ್ಲಿ ಮಾರುವ ಕಾರ್ಡನ್ನು ಇನ್ನೊಂದು ದೇಶದವರು ಬಳಸಬಾರದೆಂದು ತಡೆಯುವುದು ಮುಕ್ತ ಮಾರುಕಟ್ಟೆಯ ನಿಯಮಕ್ಕೆ ವಿರುದ್ಧ ಎಂದಿತು. ಮರುವರ್ಷ ಆಕೆಯ ಶಿಕ್ಷೆ ರದ್ದಾಯಿತು. 2020ರಲ್ಲಿ ಬ್ರಿಟನ್ ಒಕ್ಕೂಟವನ್ನೇ ಬಿಟ್ಟು ಹೊರನಡೆದದ್ದು ಬೇರೆ ಮಾತು.

ಎಲ್ಲರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ, ಹಲವರು ಕಳ್ಳದಾರಿ ಹಿಡಿಯುತ್ತಾರೆ. ತಿಂಗಳಿಗೆ ಹತ್ತು ಪೌಂಡಿಗೆ ಎಲ್ಲ ವಾಹಿನಿಗಳನ್ನೂ ಕದ್ದು ಕೊಡುತ್ತಿದ್ದ ಒಂದು ಜಾಲದ ಐವರಿಗೆ 2023ರಲ್ಲಿ ಸೆರೆವಾಸವಾಯಿತು, ಮುಖ್ಯಸ್ಥನಿಗೆ 11 ವರ್ಷ. ಅವರ ಗಿರಾಕಿಗಳು ಸುಮಾರು 50 ಸಾವಿರ. ಕದ್ದದ್ದು ಕದ್ದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀದಿಬೀದಿಯಲ್ಲಿ ಸಭ್ಯ ಸಂಸಾರಸ್ಥರೇ ಕಳ್ಳಮಾಲಿಗೆ ಗಿರಾಕಿಗಳಾದಾಗ ಅಂಗಡಿಯ ದರಪಟ್ಟಿಯ ಕಡೆಗೂ ಒಮ್ಮೆ ನೋಡಬೇಕಾಗುತ್ತದೆ.

ಫ್ರಾನ್ಸಿನಲ್ಲಿ ಈ ಹಗ್ಗ ಹರಿದೇಹೋಯಿತು. ವರ್ಷಕ್ಕೆ 80 ಕೋಟಿ ಯೂರೋಗೂ ಹೆಚ್ಚು ಕೊಡುವುದಾಗಿ ಅಲ್ಲಿನ ಲೀಗಿನ ಹಕ್ಕು ಹಿಡಿದ ಮೀಡಿಯಾಪ್ರೊ ಕಂಪನಿ 2020ರಲ್ಲಿ, ಶುರುವಾದ ಕೆಲವೇ ತಿಂಗಳಲ್ಲಿ ಕೈಚೆಲ್ಲಿತು. 2024ರಲ್ಲಿ ಬಂದ ಡಜೋನ್ ತಿಂಗಳಿಗೆ 30ರಿಂದ 40 ಯೂರೋ ಕೇಳಿತು, ನಿರೀಕ್ಷಿಸಿದಷ್ಟು ಜನ ಕೊಡಲಿಲ್ಲ, ಒಂದೇ ಹಂಗಾಮಿಗೆ ಹೊರಟಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಲೀಗೇ ತನ್ನ ವಾಹಿನಿ ತೆರೆದು 14.99 ಯೂರೋ ದರ ಇಟ್ಟಿತು. ನಡುವೆ ಪೆಟ್ಟು ತಿಂದದ್ದು ಬರುವ ಹಣ ನಂಬಿ ಸಂಬಳ ಒಪ್ಪಿಕೊಂಡಿದ್ದ ಕ್ಲಬ್ಬುಗಳು.

ಇಂಗ್ಲೆಂಡಿನ ಅಭಿಮಾನಿಗಳೂ ಒಮ್ಮೆ ಜಗ್ಗಿ ನೋಡಿದ್ದಾರೆ. ಕೊರೊನಾ ಕಾಲದಲ್ಲಿ, 2020ರ ಬೇಸಿಗೆಯಲ್ಲಿ, ಖಾಲಿ ಮೈದಾನದಲ್ಲಿ ಆಟ ಮುಂದುವರಿದಾಗ ಕೆಲವು ಪಂದ್ಯಗಳು ಬಿಟ್ಟಿಯಾಗಿ ಕಂಡವು. ಪ್ರೀಮಿಯರ್ ಲೀಗ್ ಪಂದ್ಯವೊಂದು ಬಿಬಿಸಿಯಲ್ಲಿ ಮೊದಲ ಬಾರಿ ನೇರವಾಗಿ ಬಂದದ್ದು ಆ ಜೂನ್ 20ರಂದು. ಅಕ್ಟೋಬರ್ ಹೊತ್ತಿಗೆ ಲೀಗಿನ ಮನಸ್ಸು ಬದಲಾಯಿತು. ಉಳಿದ ಪಂದ್ಯಗಳನ್ನು ನೋಡಬೇಕಾದರೆ, ಇದ್ದ ಚಂದಾಗಳ ಮೇಲೆ, ಪಂದ್ಯವೊಂದಕ್ಕೆ 14.95 ಪೌಂಡ್ ಕಟ್ಟಬೇಕು ಎಂದಿತು. ಇಪ್ಪತ್ತು ಕ್ಲಬ್ಬುಗಳಲ್ಲಿ ಹತ್ತೊಂಬತ್ತು ಒಪ್ಪಿದವು, ಲೆಸ್ಟರ್ ಮಾತ್ರ ಬೇಡವೆಂದಿತು. ಕೆಲಸ ಹೋಗಿ, ಸಂಬಳ ಕಡಿತವಾಗಿ ಜನ ತತ್ತರಿಸುತ್ತಿದ್ದ ದಿನಗಳವು. ನ್ಯೂಕ್ಯಾಸಲ್‌ನ ಅಭಿಮಾನಿಗಳು ಒಂದು ಉಪಾಯ ಮಾಡಿದರು. ಪಂದ್ಯ ನೋಡದೆ, ಆ 14.95 ಪೌಂಡನ್ನು ಬಡವರಿಗೆ ಆಹಾರ ಹಂಚುವ ತಮ್ಮೂರಿನ ಸಂಸ್ಥೆಗೆ ಕೊಟ್ಟರು. ಲೀಡ್ಸ್, ಲಿವರ್‌ಪೂಲ್ ಅಭಿಮಾನಿಗಳೂ ಅದನ್ನೇ ಹಿಡಿದರು. ಸಾವಿರಾರು ಪೌಂಡ್ ಕೂಡಿತು. ನವೆಂಬರ್ ಮುಗಿಯುವ ಮೊದಲೇ ಲೀಗ್ ಆ ದರವನ್ನು ಕೈಬಿಟ್ಟಿತು.

ಬ್ರಿಟನ್ನಿನಲ್ಲಿ ಕಾನೂನಿನ ಕಾವಲು ಇಲ್ಲವೆಂದಲ್ಲ. ವಿಶ್ವಕಪ್ ಪಂದ್ಯಗಳು, ಎಫ್.ಎ. ಕಪ್ ಫೈನಲ್ ಮುಂತಾದವು ಎಲ್ಲರಿಗೂ ಬಿಟ್ಟಿಯಾಗಿ ಸಿಗಲೇಬೇಕು ಎಂಬ ಪಟ್ಟಿ ಅಲ್ಲಿದೆ, ಅದಕ್ಕೆ 1996ರ ಪ್ರಸಾರ ಕಾನೂನಿನ ಬಲವಿದೆ. ಭಾರತದಲ್ಲೂ 2007ರ ಕಾನೂನಿನಂತೆ, ನಮ್ಮ ತಂಡ ಆಡುವ ಏಕದಿನ ಕ್ರಿಕೆಟ್‌ನಂಥ ಪಂದ್ಯಗಳ ಪ್ರಸಾರವನ್ನು ಖಾಸಗಿಯವರು ದೂರದರ್ಶನದ ಜೊತೆ ಹಂಚಿಕೊಳ್ಳಬೇಕು. ಆ ಪಟ್ಟಿಯಲ್ಲಿ ಹೆಸರು ಇಲ್ಲದ ಆಟ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಕ್ರಿಕೆಟ್ಟೇ ಸಾಕ್ಷಿ. 2005ರ ಆಷಸ್ ಸರಣಿ ಎಲ್ಲರಿಗೂ ಸಿಗುವ ಚಾನೆಲ್ 4ರಲ್ಲಿ ಬಂದಾಗ ಒಂದು ಹಂತದಲ್ಲಿ ನೋಡುತ್ತಿದ್ದವರು 84 ಲಕ್ಷ. 2009ರಲ್ಲಿ ಅದೇ ಆಷಸ್ ಸ್ಕೈಯಲ್ಲಿ ಬಂದಾಗ ಇಂಗ್ಲೆಂಡ್ ಗೆದ್ದ ದಿನವೂ ಆ ಸಂಖ್ಯೆ 20 ಲಕ್ಷ ಮುಟ್ಟಲಿಲ್ಲ. ಪ್ರೀಮಿಯರ್ ಲೀಗಿನ ವಾರವಾರದ 380 ಪಂದ್ಯಗಳಲ್ಲಿ ಒಂದೂ ಆ ಪಟ್ಟಿಯಲ್ಲಿಲ್ಲ.