ನಿಮ್ಮ ವಾರ್ಡಿಗೆ ತಂಗುದಾಣ ಬಂದರೆ ಬೇಡವೆನ್ನಬೇಡಿ

ರಾತ್ರಿ ಹನ್ನೊಂದರ ಮೇಲೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಸುತ್ತ ಅಂಗಡಿಗಳ ಷಟರ್ ಒಂದೊಂದಾಗಿ ಇಳಿಯುತ್ತವೆ. ಇಳಿದ ಷಟರಿನ ಮುಂದೆ ರಟ್ಟಿನ ಡಬ್ಬ ಬಿಚ್ಚಿ ಹಾಸಿಕೊಂಡು ಮಲಗುವವರನ್ನು ನೀವೂ ನೋಡಿರುತ್ತೀರಿ. ತಲೆಯಡಿ ಚಪ್ಪಲಿ ಇಟ್ಟುಕೊಂಡಿರುತ್ತಾರೆ. ದಿಂಬಿಲ್ಲವೆಂದು ಮಾತ್ರವಲ್ಲ, ಬೆಳಗಾಗುವಷ್ಟರಲ್ಲಿ ಅದನ್ನು ಯಾರೂ ಎತ್ತಿಕೊಂಡು ಹೋಗಬಾರದು ಅಂತ. ಆಧಾರ್ ಕಾರ್ಡು, ನಾಲ್ಕು ಕಾಸು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಕೋಳಿ ಕೂಗುವ ಮೊದಲೇ ತರಕಾರಿ ಲಾರಿಗಳು ಬರುತ್ತವೆ. ಆಗ ಇವರಲ್ಲಿ ಅನೇಕರು ಎದ್ದು ಮೂಟೆ ಇಳಿಸಲು ಹೋಗುತ್ತಾರೆ. ನಮ್ಮ ಅಡುಗೆಮನೆಯ ಈರುಳ್ಳಿ, ಹುರುಳಿಕಾಯಿ ಆ ಬೆನ್ನುಗಳ ಮೇಲಿಂದ ಇಳಿದು ಬಂದವು.

ಬೀದಿಯಲ್ಲಿ ಮಲಗುವವರೆಂದರೆ ಭಿಕ್ಷುಕರು, ಸೋಮಾರಿಗಳು, ಕುಡುಕರು ಎಂದು ನಾವು ತೀರ್ಮಾನಿಸಿ ಬಹಳ ಕಾಲವಾಯಿತು. ಹತ್ತಿರ ಹೋಗಿ ಮಾತನಾಡಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು, ಹಮಾಲರು, ಮದುವೆ ಛತ್ರಗಳಲ್ಲಿ ಪಾತ್ರೆ ತೊಳೆದು ಎಂಜಲೆಲೆ ಎತ್ತುವವರು, ಚಿಂದಿ ಆಯುವವರು ಅಲ್ಲಿದ್ದಾರೆ. ಮಕ್ಕಳು ಹೊರಹಾಕಿದ ಮುದುಕರಿದ್ದಾರೆ. ಗಂಡನ ಹೊಡೆತ ತಾಳದೆ ಬಸ್ಸು ಹತ್ತಿದ ಹೆಂಗಸರಿದ್ದಾರೆ. ಮನಸ್ಸಿನ ಸ್ಥಿಮಿತ ತಪ್ಪಿ ಊರ ದಾರಿ ಮರೆತವರಿದ್ದಾರೆ. ಕುಡಿಯುವವರೂ ಇದ್ದಾರೆ. ಕುಡಿತ ಕೆಲವರನ್ನು ಬೀದಿಗೆ ತಂದಿದ್ದರೆ, ಬೀದಿ ಕೆಲವರಿಗೆ ಕುಡಿತ ಕಲಿಸಿದೆ. ಚಳಿ, ಸೊಳ್ಳೆ, ಲಾರಿಗಳ ಸದ್ದಿನ ನಡುವೆ ಕಣ್ಣು ಮುಚ್ಚಬೇಕಲ್ಲ.

ದುಡಿಯುವವರು ಬಾಡಿಗೆಗೆ ಒಂದು ಕೋಣೆ ಹಿಡಿಯಬಾರದೇ ಎಂದು ಕೇಳುವವರಿದ್ದಾರೆ. ಈ ಊರಿನಲ್ಲಿ ಮನೆ ಹಿಡಿದ ಯಾರಿಗಾದರೂ ಉತ್ತರ ಗೊತ್ತು. ಅಡ್ವಾನ್ಸ್ ಎಂದು ಕೇಳುವ ಇಡುಗಂಟನ್ನು ದಿನಗೂಲಿಯವನು ಎಲ್ಲಿಂದ ತಂದಾನು? ಇಂದು ಕೆಲಸ ಇದ್ದರೆ ನಾಳೆ ಇಲ್ಲ. ಬಂದದ್ದರಲ್ಲಿ ಊರಿಗೂ ಕಳಿಸಬೇಕು. ಬಾಡಿಗೆಯ ಬಾಬತ್ತನ್ನು ಉಳಿಸಿದರೆ ಮಾತ್ರ ಊರಿನ ಮನೆ ನಡೆಯುತ್ತದೆ ಎಂಬ ಲೆಕ್ಕ ಹಾಕಿಯೇ ಎಷ್ಟೋ ಮಂದಿ ಜಗಲಿಯಲ್ಲಿ ಮಲಗುತ್ತಾರೆ.

2011ರ ಜನಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದವರು ಸುಮಾರು 17.7 ಲಕ್ಷ. ಅವರಲ್ಲಿ ನಗರಗಳಲ್ಲಿದ್ದವರೇ 9 ಲಕ್ಷಕ್ಕೂ ಹೆಚ್ಚು. ನಮ್ಮ ರಾಜ್ಯದ ಲೆಕ್ಕ 76 ಸಾವಿರ ದಾಟಿತ್ತು. ಒಂದೇ ರಾತ್ರಿ ಬೀದಿ ಸುತ್ತಿ ಎಣಿಸಿದ ಲೆಕ್ಕ ಇದು. ಆ ಹೊತ್ತಿಗೆ ಕಟ್ಟಡದೊಳಗೆ ಕೆಲಸಕ್ಕಿದ್ದವರು, ಪೊಲೀಸರ ಭಯಕ್ಕೆ ಕತ್ತಲಲ್ಲಿ ಅಡಗಿದ್ದವರು ಇದರಲ್ಲಿ ಬಿಟ್ಟುಹೋಗಿರುವುದು ಖಂಡಿತ.

ಅನ್ನ ಹಾಕುವುದರಲ್ಲಿ ಕನ್ನಡನಾಡಿನ ಕೈ ದೊಡ್ಡದು. ಮಠಗಳ ದಾಸೋಹ, ದೇವಸ್ಥಾನಗಳ ಅನ್ನಸಂತರ್ಪಣೆ ಇವತ್ತಿಗೂ ನಿಂತಿಲ್ಲ. ಹುಟ್ಟುಹಬ್ಬಕ್ಕೆ ಪೊಟ್ಟಣ ಕಟ್ಟಿಸಿ ಬೀದಿಯಲ್ಲಿ ಹಂಚುವ ಯುವಕರಿದ್ದಾರೆ, ಅವರಿಗೆ ನನ್ನ ನಮಸ್ಕಾರ. ಆದರೆ ಹಸಿದವನಿಗೆ ತುತ್ತು ಕೊಡುವ ನಾವು ಅವನು ಕಾಲು ಚಾಚಲು ಆರಡಿ ಜಾಗ ಕೇಳಿದ ಕೂಡಲೇ ಕಲ್ಲಾಗುತ್ತೇವೆ. ಬಸ್ ನಿಲ್ದಾಣದ ಬೆಂಚುಗಳಲ್ಲಿ ಮಲಗಲಾಗದಂತೆ ನಡುನಡುವೆ ಕಬ್ಬಿಣ ಕೂರಿಸುತ್ತೇವೆ. ಮೇಲ್ಸೇತುವೆಯ ಕೆಳಗೆ ಜಾಲರಿ ಹಾಕುತ್ತೇವೆ. ಅಂಗಡಿ ಮುಂದಿನ ಕಟ್ಟೆಗೆ ಚೂಪು ಕಲ್ಲು ನೆಡುತ್ತೇವೆ. ಇವಕ್ಕೆ ಖರ್ಚು ಮಾಡುವಾಗ ಯಾರೂ ಹಣವಿಲ್ಲ ಎನ್ನುವುದಿಲ್ಲ.

ಇದು ಈ ಊರಿನ ಹಳೆಯ ನಡತೆ ಅಲ್ಲ. ಮೆಜೆಸ್ಟಿಕ್‌ನಲ್ಲಿ ರೈಲು ಇಳಿದವರಿಗೆ ಗುಬ್ಬಿ ತೋಟದಪ್ಪನವರ ಛತ್ರ ಗೊತ್ತು. 1903ರಲ್ಲಿ ಒಬ್ಬ ವ್ಯಾಪಾರಿ, ಪರಸ್ಥಳದಿಂದ ಬಂದವರಿಗೂ ಓದುವ ಹುಡುಗರಿಗೂ ಇರಲು ಜಾಗ ಬೇಕು ಎಂದು ತಮ್ಮ ಸಂಪಾದನೆಯನ್ನು ಸುರಿದರು. ಗುರುತು ಪರಿಚಯವಿಲ್ಲದವನ ರಾತ್ರಿಗೆ ತಾನೂ ಹೊಣೆ ಎಂದು ಅಂದಿನ ಬೆಂಗಳೂರಿನಲ್ಲಿ ಒಬ್ಬ ಗೃಹಸ್ಥರಿಗೆ ಅನ್ನಿಸಿತ್ತು.

ಇಂದು ಅದು ಒಬ್ಬ ದಾನಿಯ ಔದಾರ್ಯಕ್ಕೆ ಬಿಟ್ಟ ವಿಷಯವೂ ಅಲ್ಲ. 2010ರ ಚಳಿಗಾಲದಲ್ಲಿ ದೆಹಲಿಯಲ್ಲಿ ಮನೆಯಿಲ್ಲದವರ ತಂಗುದಾಣವೊಂದನ್ನು ಕೆಡವಿದ ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂತು. ಆಹಾರದ ಹಕ್ಕಿನ ಮೊಕದ್ದಮೆಯ ಭಾಗವಾಗಿ ನಡೆದ ಆ ವಿಚಾರಣೆಯಲ್ಲಿ ನ್ಯಾಯಾಲಯ ದೊಡ್ಡ ನಗರಗಳಿಗೆಲ್ಲ ಸ್ಪಷ್ಟ ಅಳತೆ ಕೊಟ್ಟಿತು: ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ, ಅದು ವರ್ಷವಿಡೀ, ದಿನದ 24 ಗಂಟೆಯೂ ತೆರೆದಿರಬೇಕು. ರಾತ್ರಿಯಿಡೀ ಮೂಟೆ ಹೊತ್ತವನು ಹಗಲಲ್ಲಿ ತಾನೇ ಮಲಗುವುದು! 2011ರಲ್ಲಿ ಬೆಂಗಳೂರಿನ ಜನಸಂಖ್ಯೆ 84 ಲಕ್ಷ. ಅಂದರೆ ಆಗಲೇ 84 ತಂಗುದಾಣ ಬೇಕಿತ್ತು. ಈಗ ಊರು ಕೋಟಿ ದಾಟಿದೆ, ತಂಗುದಾಣಗಳು ಆ ಹಳೆಯ ಲೆಕ್ಕವನ್ನೂ ಮುಟ್ಟಿಲ್ಲ.

ಹೀಗಾಗಲು ಆಡಳಿತದ ಆಲಸ್ಯವೊಂದೇ ಕಾರಣ ಎಂದರೆ ಅರ್ಧ ಸತ್ಯವಾದೀತು. ಯಾವುದೋ ಬಡಾವಣೆಯಲ್ಲಿ ಪಾಲಿಕೆಯ ಖಾಲಿ ಕಟ್ಟಡವನ್ನು ತಂಗುದಾಣ ಮಾಡುತ್ತಾರೆ ಎಂಬ ಸುದ್ದಿ ಹಬ್ಬಿದರೆ ಸಾಕು, ಮರುದಿನವೇ ನಿವಾಸಿಗಳ ಸಹಿ ಸಂಗ್ರಹ ಶುರು. ಮಕ್ಕಳು ಓಡಾಡುವ ಜಾಗ, ಕಳ್ಳತನ ಹೆಚ್ಚುತ್ತದೆ, ಸೈಟಿನ ಬೆಲೆ ಬೀಳುತ್ತದೆ. ಸಹಿ ಹಾಕುವವರು ಕೆಟ್ಟವರಲ್ಲ. ಭಾನುವಾರ ಪೊಟ್ಟಣ ಹಂಚುವವರೂ ಅವರಲ್ಲಿರುತ್ತಾರೆ. ಆದರೆ ಆ ಕಾಗದ ಕಚೇರಿ ತಲುಪಿದ ಮೇಲೆ ಕಡತ ಮುಚ್ಚುತ್ತದೆ, ಐವತ್ತೋ ನೂರೋ ಜನ ಮತ್ತೊಂದು ಮಳೆಗಾಲವನ್ನು ಹೊರಗೇ ಕಳೆಯುತ್ತಾರೆ. ಕಂಡೂ ಕಾಣದಂತೆ ನಡೆದುಹೋಗುವುದಕ್ಕಿಂತ ಈ ಸಹಿ ಘೋರವಾದದ್ದು.

ತಂಗುದಾಣವೆಂದರೆ ಬರಿಯ ಸೂರಲ್ಲ. ಅಲ್ಲಿ ಸ್ನಾನವುಂಟು, ಶೌಚಾಲಯವುಂಟು, ಚೀಲ ಇಟ್ಟು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಲು ಬೀಗದ ಪೆಟ್ಟಿಗೆಯುಂಟು. ಬೀದಿಯಲ್ಲಿರುವ ಹೆಂಗಸಿಗೆ ಇದು ಜೀವದ ಪ್ರಶ್ನೆ. ಕತ್ತಲಾಗುವವರೆಗೆ ಮೂತ್ರಕ್ಕೂ ಹೋಗದೆ ತಡೆದುಕೊಂಡು, ಕತ್ತಲಾದ ಮೇಲೆ ಯಾರು ಮೈಮೇಲೆ ಬರುತ್ತಾರೋ ಎಂದು ಕಣ್ಣು ಮುಚ್ಚದೆ ಕೂತು ಬೆಳಗು ಮಾಡುವುದು ಎಂಥ ಬದುಕು? ಇನ್ನೊಂದು ಸಂಗತಿ ಹೊರಗಿನವರಿಗೆ ಹೊಳೆಯುವುದಿಲ್ಲ: ತಂಗುದಾಣ ಒಂದು ವಿಳಾಸ. ವಿಳಾಸವಿಲ್ಲದವನಿಗೆ ರೇಷನ್ ಕಾರ್ಡು, ಪಿಂಚಣಿ, ಮತದಾರರ ಪಟ್ಟಿ ಎಲ್ಲವೂ ದೂರ. ಪಾಲಿಕೆಯ ಲಾರಿ ಬಂದು ಪಾದಚಾರಿ ಮಾರ್ಗ ತೆರವು ಮಾಡುವಾಗ ಚಾಪೆ, ಕಂಬಳಿಯ ಜೊತೆ ಸೊಂಟದಿಂದ ತೆಗೆದಿಟ್ಟ ಆ ಪ್ಲಾಸ್ಟಿಕ್ ಕವರೂ ಹೋಯಿತೆಂದರೆ, ಅವನು ಸರ್ಕಾರದ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ನಮ್ಮ ತೆರಿಗೆ ಇದಕ್ಕೇಕೆ ಎನ್ನುವವರಿಗೆ ಒಂದು ವಿಷಯ ನೆನಪಿಸುತ್ತೇನೆ. ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಅದರ ಮೇಲೆ ಶೇ 3ರಷ್ಟು ಭಿಕ್ಷುಕರ ಸೆಸ್ ಕಟ್ಟುತ್ತಾ ಬಂದಿದ್ದೀರಿ. ಹಾಗೆ ಸಂಗ್ರಹವಾದ ಹಣ ಪಾಲಿಕೆಗಳಿಂದ ಆ ಕಾಯ್ದೆಯಡಿ ರಚಿಸಿದ ಪರಿಹಾರ ಸಮಿತಿಗೆ ಸಕಾಲಕ್ಕೆ ಸಂದಾಯವಾಗದೆ ಬಾಕಿ ಬಿದ್ದಿರುವ ಸುದ್ದಿ ವರ್ಷ ಬಿಟ್ಟು ವರ್ಷ ಬರುತ್ತಲೇ ಇದೆ. ಹಣ ಕೊಟ್ಟವರು ನೀವು, ಅದು ಎಲ್ಲಿಗೆ ಹೋಯಿತು ಎಂದು ಕೇಳುವ ಅಧಿಕಾರವೂ ನಿಮ್ಮದು. ಅದೇ ಕಾಯ್ದೆಯಡಿ ಬೀದಿಯಿಂದ ಹಿಡಿದು ತಂದವರನ್ನು ಇರಿಸುವ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಸಾಲು ಸಾಲಾಗಿ ಜನ ಸತ್ತರು. ಬಡವರನ್ನು ಕಣ್ಣಿಂದ ಮರೆ ಮಾಡುವುದನ್ನೇ ಪರಿಹಾರ ಎಂದುಕೊಂಡರೆ ಆಗುವುದು ಇದೇ. ಹಿಡಿದು ತುಂಬುವ ವ್ಯಾನು ಬೇಡ, ತಾವಾಗಿ ಬಂದು ಹೋಗಬಲ್ಲ ಬಾಗಿಲು ಬೇಕು.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಬೆಂಗಳೂರಿನ ಆಡಳಿತವನ್ನು ಈಗ ಐದು ಪಾಲಿಕೆಗಳಾಗಿ ಹಂಚಲಾಗಿದೆ. ನಿಮ್ಮ ಪಾಲಿಕೆಯ ವ್ಯಾಪ್ತಿಯಲ್ಲಿ ಎಷ್ಟು ತಂಗುದಾಣಗಳಿವೆ, ಹೆಂಗಸರಿಗೆ ಬೇರೆ ಇದೆಯೇ, ಹಗಲೂ ತೆರೆದಿರುತ್ತದೆಯೇ ಎಂದು ಬರೆದು ಕೇಳಿ. ಮೈಸೂರು, ಹುಬ್ಬಳ್ಳಿ–ಧಾರವಾಡ, ಮಂಗಳೂರಿನವರೂ ತಮ್ಮ ಪಾಲಿಕೆಯನ್ನು ಇದನ್ನೇ ಕೇಳಬಹುದು. ವೋಟು ಕೇಳಲು ಬರುವವರ ಮುಂದೆ ರಸ್ತೆ, ಕಸದ ಜೊತೆಗೆ ಇದನ್ನೂ ಇಡಿ. ರಸ್ತೆ ಬದಿಯಲ್ಲಿ ಎಚ್ಚರ ತಪ್ಪಿ ಬಿದ್ದವರನ್ನು ಕಂಡರೆ ಕುಡಿದಿರಬೇಕು ಎಂದು ದಾಟಿಹೋಗದೆ 108ಕ್ಕೆ ಕರೆ ಮಾಡಿ. ದಿಕ್ಕಿಲ್ಲದ ವೃದ್ಧರಿಗಾಗಿ 14567 ಇದೆ. ಮಾನಸಿಕ ಅಸ್ವಸ್ಥರು ಅಲೆಯುತ್ತಿದ್ದರೆ 112ಕ್ಕೆ ತಿಳಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಪೊಲೀಸರ ಕರ್ತವ್ಯ, ಲಾಕಪ್ಪಿನಲ್ಲಿ ಕೂಡಿಹಾಕುವಂತಿಲ್ಲ.

ಕೊನೆಯದಾಗಿ, ನಿಮ್ಮ ಬೀದಿಯಲ್ಲಿ ತಂಗುದಾಣ ಬರುತ್ತದೆ ಎಂದು ಯಾರಾದರೂ ವಿರೋಧದ ಕಾಗದ ಹಿಡಿದು ಬಾಗಿಲಿಗೆ ಬಂದರೆ ದಯವಿಟ್ಟು ಸಹಿ ಹಾಕಬೇಡಿ. ಸಾಧ್ಯವಾದರೆ, ತಂಗುದಾಣ ಬೇಕು ಎಂದು ಇನ್ನೊಂದು ಕಾಗದ ಬರೆದು ಅದಕ್ಕೆ ಮೊದಲ ಸಹಿ ನೀವೇ ಹಾಕಿ.