ಹೆಸರು ಕಳೆದುಕೊಂಡ ಕವಿ

ಅಥಣಿಗೆ ಶಿವಯೋಗಿಗಳ ಹೆಸರುಂಟು. ನಿಪ್ಪಾಣಿಗೆ ಹೊಗೆಸೊಪ್ಪಿನ ಪೇಟೆಯ ಹೆಸರುಂಟು. ರಾಯಬಾಗದ ಸೀಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆಯುಂಟು. ಚಿಕ್ಕೋಡಿ ತಾಲ್ಲೂಕಿನಲ್ಲಿ ದೂಧಗಂಗೆಯ ದಡದಲ್ಲಿರುವ ಸದಲಗೆಯನ್ನು ಕೇಳಿದವರು ಕಡಿಮೆ. ಆದರೆ ಹಳೆಯ ಹಸ್ತಪ್ರತಿಗಳೊಡನೆ ಬಾಳುವ ಪಂಡಿತರು ಆ ಊರನ್ನು ಮರೆಯುವಂತಿಲ್ಲ. ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು 1906ರಲ್ಲಿ ಹುಟ್ಟಿದುದು ಅಲ್ಲಿಯೇ.

ಅವರು ಆರಿಸಿಕೊಂಡ ವಿದ್ಯೆ ಪ್ರಾಕೃತ. ಮಗನು ಅರ್ಧಮಾಗಧಿಯನ್ನು ಓದುತ್ತೇನೆಂದರೆ ಯಾವ ತಂದೆತಾಯಿಗಳಿಗೆ ಎದೆ ಝಲ್ಲೆನ್ನದು! ಅದರಿಂದ ವಕೀಲಿಯಿಲ್ಲ, ಮಾಮಲೇದಾರಿಕೆಯಿಲ್ಲ. ಪುಣ್ಯಕ್ಕೆ 1930ರಲ್ಲಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಆ ಭಾಷೆಯನ್ನು ಕಲಿಸುವ ಕೆಲಸ ದೊರೆಯಿತು. ಮುಂದೆ ಮೂವತ್ತು ವರ್ಷಕ್ಕೂ ಮಿಕ್ಕಿ ಅದೇ ಅವರ ಅನ್ನದ ದಾರಿಯಾಯಿತು. ನಿಜವಾದ ಉದ್ಯೋಗವೆಂದರೆ ಕಾಲೇಜಿನ ಗಂಟೆ ಮುಗಿದ ಮೇಲಿನದು.

ಜೈನ ಮಠಗಳ ಭಂಡಾರಗಳಲ್ಲಿ ತಾಳೆಗರಿಯ ಕಟ್ಟುಗಳು ಬಟ್ಟೆಯಲ್ಲಿ ಸುತ್ತಿ ಇಟ್ಟಂತೆಯೇ ಇದ್ದವು. ಶ್ರುತಪಂಚಮಿಯ ದಿನ ಅವುಗಳಿಗೆ ಪೂಜೆ ಸಲ್ಲುವುದು. ಓದುವವರು ಮಾತ್ರ ವಿರಳ. ಹುಳುವಿಗೆ ಭಕ್ತಿಯ ಅರಿವಿಲ್ಲವಷ್ಟೆ. ಕೊಲ್ಲಾಪುರದ ಲಕ್ಷ್ಮೀಸೇನ ಮಠದಲ್ಲಿ ಹಳಗನ್ನಡ ಲಿಪಿಯ ಇಂತಹುದೊಂದು ಕಟ್ಟು ಉಪಾಧ್ಯೆಯವರ ಕೈಸೇರಿತು. ಬಿಚ್ಚಿ ನೋಡಿದರೆ ಮೂವತ್ತೊಂದು ಸರ್ಗಗಳ ಸಂಸ್ಕೃತ ಕಾವ್ಯ, ‘ವರಾಂಗಚರಿತ’. ಕಾವ್ಯವೇನೋ ಇದ್ದಿತು, ಬರೆದವನ ಹೆಸರು ಆದಿಯಲ್ಲಿಯೂ ಇಲ್ಲ, ಅಂತ್ಯದಲ್ಲಿಯೂ ಇಲ್ಲ.

ಹಿಂದಿನ ಕೆಲವರು ಅದನ್ನು ‘ಪದ್ಮಚರಿತ’ವನ್ನು ಬರೆದ ರವಿಷೇಣನದೆಂದೇ ಭಾವಿಸಿದ್ದರು. ಉಪಾಧ್ಯೆಯವರು ಒಪ್ಪಲಿಲ್ಲ. ಕ್ರಿ.ಶ. 779ರಲ್ಲಿ ರಾಜಸ್ಥಾನದ ಜಾಲೋರಿನಲ್ಲಿ ಉದ್ಯೋತನಸೂರಿಯು ರಚಿಸಿದ ‘ಕುವಲಯಮಾಲೆ’ಯಲ್ಲಿ ಎರಡು ಕಾವ್ಯಗಳನ್ನು ಒಟ್ಟಿಗೆ ಹೊಗಳಿದೆ: ವರಾಂಗಚರಿತ ಮತ್ತು ಪದ್ಮಚರಿತ. ಹಾಗೆಯೇ ಇಬ್ಬರು ಕವಿಗಳನ್ನು ಹೆಸರಿಸಿದೆ: ಜಟಿಲ ಮತ್ತು ರವಿಷೇಣ. ಎರಡು ಕೃತಿ, ಇಬ್ಬರು ಕರ್ತೃಗಳು. ಆದರೆ ಈ ಜಟಿಲನು ಯಾರು?

ಇಲ್ಲಿ ನೆರವಿಗೆ ಬಂದುದು ಕನ್ನಡ. ಪಂಪನು 941ರಲ್ಲಿ ಬರೆದ ಆದಿಪುರಾಣದಲ್ಲಿ ಜಟಾಚಾರ್ಯನ ಸ್ತುತಿಯಿದೆ. ಚಾವುಂಡರಾಯನು 978ರ ತನ್ನ ಗದ್ಯಪುರಾಣದಲ್ಲಿ ಜಟಾಸಿಂಹನಂದ್ಯಾಚಾರ್ಯರದೆಂದು ಹೇಳಿ ಒಂದು ಶ್ಲೋಕವನ್ನೇ ಎತ್ತಿಕೊಟ್ಟಿದ್ದಾನೆ. ಧರ್ಮವನ್ನು ಕೇಳಬರುವವರು ಎಷ್ಟು ಬಗೆ ಎಂಬುದು ಅದರ ವಿಷಯ: ಮಣ್ಣಿನಂತಹವರು, ಕೋಣನಂತಹವರು, ಹಂಸದಂತಹವರು, ಗಿಳಿಯಂತಹವರು, ಹೀಗೆ. (ಭಾಷಣಗಳಿಗೆ ಹೋಗಿ ಬರುವ ವಾಚಕರಿಗೆ ಕೋಣನ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ.) ಆ ಶ್ಲೋಕವು ತಾಳೆಗರಿಯ ಮೊದಲನೆಯ ಸರ್ಗದಲ್ಲಿಯೇ ಸಿಕ್ಕಿತು! ಸಂಸ್ಕೃತದ ಒಬ್ಬ ಕವಿಗೆ, ಸುಮಾರು ಏಳನೆಯ ಶತಮಾನದವನೆಂದು ಉಪಾಧ್ಯೆಯವರು ಎಣಿಸಿದ ಕವಿಗೆ, ಕನ್ನಡ ಗದ್ಯವೊಂದು ಹೆಸರನ್ನು ಮರಳಿ ಕೊಟ್ಟಿತು. ಕೊಪ್ಪಳದ ಪಲ್ಲಕ್ಕಿಗುಂಡಿನಲ್ಲಿ, ಅಶೋಕನ ಶಾಸನಕ್ಕೆ ಸಮೀಪದಲ್ಲಿಯೇ, ಬಂಡೆಯ ಮೇಲೆ ಎರಡು ಪಾದಗಳನ್ನು ಕೊರೆದಿದೆ. ಜಟಾಸಿಂಹನಂದ್ಯಾಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಹಳಗನ್ನಡದ ಒಕ್ಕಣೆಯಿದೆ. ಕವಿಯು ಕನ್ನಡ ನಾಡಿನಲ್ಲಿಯೇ ದೇಹವಿಟ್ಟಿರಬೇಕೆಂಬ ಊಹೆಗೆ ಈ ಕಲ್ಲು ಆಧಾರ. ‘ವರಾಂಗಚರಿತ’ವು 1938ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು, ಕವಿಯ ಹೆಸರಿನೊಡನೆ.

ಯಾಪನೀಯರ ಚರಿತ್ರೆಯನ್ನು ಬೆಳಕಿಗೆ ತಂದುದೂ ಇಂತಹುದೇ ಕೆಲಸ. ಈ ಪಂಥದ ಮುನಿಗಳು ದಿಗಂಬರರಂತೆ ಬತ್ತಲೆಯಿದ್ದರು. ಸ್ತ್ರೀಗೂ ಮೋಕ್ಷವುಂಟೆಂದು ಶ್ವೇತಾಂಬರರಂತೆ ನಂಬಿದ್ದರು. ಒಂದು ಕಾಲದಲ್ಲಿ ಬೆಳಗಾವಿ ಧಾರವಾಡ ಸೀಮೆಯ ಬಸದಿಗಳಲ್ಲಿ ಪ್ರಬಲರಾಗಿದ್ದ ಅವರು ಬರಬರುತ್ತ ದಿಗಂಬರರಲ್ಲಿ ಬೆರೆತುಹೋದರು. ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿರುವ 1394ರ ಶಾಸನವು ಅವರ ಕಡೆಯ ಕುರುಹುಗಳಲ್ಲೊಂದು. ಸದಲಗೆಯಿಂದ ಅದೇನು ದೂರವಲ್ಲ. ಆದರೂ ಆ ಮುನಿಗಳು ಯಾರೆಂಬುದು ನೆರೆಹೊರೆಯ ಶ್ರಾವಕರಿಗೇ ಮರೆತುಹೋಗಿತ್ತು.

ಗೌರವಗಳು ತಡವಾಗಿ, ಆದರೆ ಒಟ್ಟೊಟ್ಟಿಗೆ ಬಂದವು: 1966ರಲ್ಲಿ ಅಲೀಗಢದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದ ಅಧ್ಯಕ್ಷತೆ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಬಹುಪಾಲು ಇಂಗ್ಲಿಷಿನಲ್ಲಿ ಬರೆದು, ಮರಾಠಿ ಊರಿನಲ್ಲಿ ಬಾಳಿದವರನ್ನು ಕನ್ನಡಿಗರು ತಮ್ಮವರೆಂದು ಕರೆದು ಕೂರಿಸಿದುದು ಆಗಿನ ಪರಿಷತ್ತಿಗೂ ಭೂಷಣವೇ. ಕಡೆಯ ದಿನಗಳಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತಗಳ ಪ್ರಾಧ್ಯಾಪಕರಾಗಿದ್ದರು. 1975ರಲ್ಲಿ ತೀರಿಕೊಂಡರು.

ಅದಕ್ಕೂ ಮುನ್ನ ಒಂದು ಹಳೆಯ ಸಾಲವನ್ನು ಅವರು ತೀರಿಸಿದ್ದರು. ಜಟಿಲನ ಪರವಾಗಿ ಸಾಕ್ಷಿ ನುಡಿದ ‘ಕುವಲಯಮಾಲೆ’ಯ ಎರಡೇ ಪ್ರತಿಗಳು ಅವರಿಗೆ ದೊರೆತಿದ್ದವು: ಜೈಸಲ್ಮೇರಿನ ಭಂಡಾರದ ತಾಳೆಗರಿ, ಪುಣೆಯ ಕಾಗದದ ಪ್ರತಿ. ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ, ಮೂಲವನ್ನು 1959ರಲ್ಲಿ ಪ್ರಕಟಿಸಿದರು. ಪೀಠಿಕೆ ಟಿಪ್ಪಣಿಗಳ ಎರಡನೆಯ ಸಂಪುಟವು ಹೊರಬಂದಾಗ 1970. ಅದರಲ್ಲಿನ ಒಂದು ಪೇಟೆಯಲ್ಲಿ ನಾನಾ ದೇಶದ ವರ್ತಕರು ತಂತಮ್ಮ ನುಡಿಯಲ್ಲಿ ಮಾತನಾಡುತ್ತಾರೆ. ಆ ಗುಂಪಿನಲ್ಲಿ ಕನ್ನಡಿಗರೂ ಇದ್ದಾರೆ.